ಕಿರುಬೆರಳಿನಿಂದ ಸುದ್ದಿ ಬಾರದ ದಿನಗಳು

ನನ್ನ 1953ರ ನೋಟುಬುಕ್ಕಿನಲ್ಲಿ ಜೂನ್ ತಿಂಗಳ ಪುಟಕ್ಕೆ ನಾಲ್ಕು ಅಂಕಣಗಳಿವೆ. ತಾರೀಖು, ಮಳೆ, ಆ ಮುಂಜಾನೆ ನಮ್ಮ ಮನೆಯಲ್ಲಿ ಬಡಿದ ರೊಟ್ಟಿಗಳ ಲೆಕ್ಕ. ನಾಲ್ಕನೆಯದಕ್ಕೆ ತಲೆಬರಹ ಇಲ್ಲ. ಅದರಲ್ಲಿ ಅಲ್ಲಲ್ಲಿ ಗೀಟುಗಳಿವೆ. 9ಕ್ಕೆ ಒಂದು, 14ಕ್ಕೆ ಒಂದು, 23ಕ್ಕೆ ಎರಡು. ಒಂದು ಗೀಟು ಎಂದರೆ ದೊಡ್ಡವ್ವನ ಬಲಗೈ ಕಿರುಬೆರಳು ಕಾದ ಹಂಚಿಗೆ ತಾಗಿತು, ಆದರೂ ಆಕೆ ಕೈ ಎಳೆದುಕೊಳ್ಳಲಿಲ್ಲ ಎಂದು ಅರ್ಥ. ಆಗ ನನಗೆ ಹದಿನಾರು ವರ್ಷ. ಅದನ್ನು ನಾನು ದೊಡ್ಡವ್ವನ ಗಟ್ಟಿತನದ ಲೆಕ್ಕವೆಂದು ಬರೆದಿಟ್ಟಿದ್ದೆ.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡು ಆಗ ಹನ್ನೊಂದು ವರ್ಷವಾಗಿತ್ತು. ಅವರಿಗೆ ಮಕ್ಕಳಿರಲಿಲ್ಲ. ಬೈಲಹೊಂಗಲದ ನಮ್ಮ ಮನೆಯಲ್ಲಿ ಹೊಲ, ದನ, ಕಾಳು ತುಂಬಿಡುವ ಹಗೆ ಎಲ್ಲ ಅಪ್ಪನ ಕಡೆ, ಒಲೆ ಮಾತ್ರ ದೊಡ್ಡವ್ವನದು. ದಿನಕ್ಕೆ ಮೂವತ್ತೈದರಿಂದ ನಲವತ್ತೆರಡು ಜೋಳದ ರೊಟ್ಟಿ. ನಮ್ಮ ಕಡೆ ಹೆಣ್ಣುಮಕ್ಕಳ ಕೈಯನ್ನು ಅಳೆಯುವುದು ಒಂದು ಸಂಗತಿಯಿಂದ: ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಾಳೋ, ಬಟ್ಟೆ ಹಿಡಿಯುತ್ತಾಳೋ. ಕನ್ಯೆ ನೋಡಲು ಬಂದವರು ಸೀದಾ ಕೇಳುವುದಿಲ್ಲ, ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಇಣುಕುತ್ತಾರೆ. ದೊಡ್ಡವ್ವ ಬಟ್ಟೆ ಹಿಡಿದಿದ್ದನ್ನು ಯಾರೂ ಕಂಡಿರಲಿಲ್ಲ. ಓಣಿಯ ಹೆಂಗಸರು ತಮ್ಮ ಹೊಸ ಸೊಸೆಯರನ್ನು ನಮ್ಮ ಒಲೆಯ ಮುಂದೆ ತಂದು ಕೂರಿಸಿ, "ನೋಡ, ಕೈ ಅಂದ್ರ ಇದು," ಎನ್ನುತ್ತಿದ್ದರು. ನಾನು ಪ್ರಯತ್ನ ಮಾಡಿ ಒಂದೆರಡು ಎಣಿಸುವುದರೊಳಗೆ ಕೈ ಬಿಟ್ಟಿದ್ದೆ. ಅದೂ ಪುಸ್ತಕದಲ್ಲಿದೆ.

ಆ ಗೀಟುಗಳ ನಿಜವಾದ ಅರ್ಥ ತಿಳಿದದ್ದು ಶಾಲೆಯಲ್ಲಿ ನಡೆದ ಒಂದು ಆಟದಿಂದ.

ಜುಲೈ 7. ವಿಜ್ಞಾನದ ಮಾಸ್ತರರು ಅಂದು ನರಗಳ ಪಾಠ ತೆಗೆದರು. ಎತ್ತರದ, ತೆಳ್ಳನೆಯ ಮನುಷ್ಯ. ಸುಣ್ಣದ ಕಡ್ಡಿಯನ್ನು ಬೀಡಿಯ ಹಾಗೆ ಹಿಡಿಯುತ್ತಿದ್ದರು.

"ಕಾಲಿಗೆ ಮುಳ್ಳ ಚುಚ್ಚಿತು," ಎಂದರು. "ಚುಚ್ಚಿದ್ದು ಕಾಲಿಗೆ. ಅಯ್ಯೋ ಅಂದದ್ದು ಬಾಯಿ. ಕಾಲಿನ ಸುದ್ದಿ ಮ್ಯಾಲೆ ಮುಟ್ಟಿಸಿದವರು ಯಾರು?"

"ಟಪಾಲಿನವರು ರೀ ಸರ್," ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ಟಪಾಲಿನವ ಆಗಿದ್ರ ಇವತ್ತ ಚುಚ್ಚಿಸಿಕೊಂಡಾವ ಮುಂದಿನ ಗುರುವಾರ ಅಯ್ಯೋ ಅಂತಿದ್ದಿ. ಏಳ್ರಿ ಎಲ್ಲಾರೂ. ಹೊರಗ ನಡೀರಿ."

ಅಂಗಳದಲ್ಲಿ ಮೂವತ್ತು ಹುಡುಗರನ್ನು ಸಾಲಾಗಿ ಕೈ ಕೈ ಹಿಡಿಸಿ ನಿಲ್ಲಿಸಿದರು. ಕಣ್ಣು ಮುಚ್ಚಬೇಕು. ಎಡಗೈಯನ್ನು ಯಾರಾದರೂ ಹಿಚುಕಿದರೆ ಬಲಗೈಯಿಂದ ಪಕ್ಕದವನನ್ನು ಹಿಚುಕಬೇಕು, ಅಷ್ಟೆ. ಡ್ರಿಲ್ ಮಾಸ್ತರರ ಓಟದ ಗಡಿಯಾರ ತಂದಿದ್ದರು. ಮೊದಲನೆಯವನ ಕೈ ಹಿಚುಕಿ ಗುಂಡಿ ಒತ್ತುವುದು, ಮೂವತ್ತನೆಯವನು ಕೈ ಎತ್ತಿದಾಗ ನಿಲ್ಲಿಸುವುದು. ಮೂರು ಸಲ ಮಾಡಿದೆವು. ಲೆಕ್ಕ ಬರೆಯುವ ಕೆಲಸ ನನಗೆ ಬಂತು. ಸರಾಸರಿ ಏಳೂವರೆ ಸೆಕೆಂಡು. ಅಂದರೆ ಒಬ್ಬೊಬ್ಬನಿಗೆ ಕಾಲು ಸೆಕೆಂಡು.

ಒಬ್ಬ ಹುಡುಗ ಪಕ್ಕದವನ ಕೈಯನ್ನು ಮುರಿಯುವ ಹಾಗೆ ಹಿಚುಕಿದ. ಮಾಸ್ತರರು ಅವನ ಕಿವಿ ಹಿಡಿದರು. "ಇಲ್ಲಿ ಹಗುರ ಹಿಚುಕೂದು, ಜೋರ ಹಿಚುಕೂದು ಅಂತ ಇಲ್ಲ. ಹಿಚುಕಿದ್ರ ಹಿಚುಕಿದಿ, ಇಲ್ಲಂದ್ರ ಇಲ್ಲ. ನರಾನೂ ಹಂಗ."

"ಹಂಗಾರ ಇರುವಿ ಕಡಿದದ್ದು, ಚೇಳ ಕಡಿದದ್ದು ಒಂದ ಆತಲ್ರಿ?" ಎಂದು ನಾನು ಕೇಳಿದೆ.

"ಸುದ್ದಿ ದೊಡ್ಡದಾದ್ರ ಹಿಚುಕು ದೊಡ್ಡದಾಗೂದಿಲ್ಲ. ಒಂದರ ಹಿಂದ ಒಂದು, ಮ್ಯಾಲಿಂದ ಮ್ಯಾಲೆ ಬರ್ತದ. ಚೇಳ ಕಡಿದ್ರ ಹಿಚುಕು ನಿಂದ್ರೂದs ಇಲ್ಲ."

ಇಷ್ಟಾದ ಮೇಲೆ ನಾವು ಐವರು ಹುಡುಗಿಯರು ಉಳಿದೆವು. ಸಾಲಿಗೆ ನಮ್ಮನ್ನೂ ಸೇರಿಸಬೇಕೆಂದು ಮಾಸ್ತರರ ಆಸೆ. ಆದರೆ ಮೂವತ್ತನೆಯ ಹುಡುಗನ ಕೈಯನ್ನು ಒಬ್ಬ ಹುಡುಗಿ ಹಿಡಿಯುವುದು ಹೇಗೆ? ಹುಡುಗರ ಸಾಲು ಒಂದು ಕಡೆ, ನಮ್ಮ ಸಾಲು ಒಂದು ಕಡೆ, ನಡುವೆ ಎರಡು ಗೇಣಿನ ಜಾಗ. ನಮ್ಮ ಸಾಲಿನ ಮೊದಲನೆಯವಳು ನಾನು. ಅಂಗಳದ ಆಚೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಾಸ್ತರರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. ಆಮೇಲೆ ಯಾರದೋ ಜೇಬಿನಿಂದ ಒಂದು ಹುಣಸೆ ಬೀಜ ತೆಗೆಸಿ ಮೂವತ್ತನೆಯವನ ಕೈಯಲ್ಲಿಟ್ಟರು.

"ನೀ ಅಕೀನ್ನ ಮುಟ್ಟಬ್ಯಾಡ. ನಿನಗ ಹಿಚುಕು ಬಂತಂದ್ರ ಈ ಬೀಜ ಅಕಿ ಅಂಗೈಯಾಗ ಬಿಡು. ಬೀಜ ಬಿತ್ತಂದ್ರ ಅಕಿ ಮುಂದಿನಾಕಿ ಕೈ ಹಿಚುಕಲಿ."

ಮೂವತ್ತೈದು ಜನರಿಗೆ ಹತ್ತು ಸೆಕೆಂಡು ಹಿಡಿಯಿತು. ನಾನು ಅಲ್ಲೇ ನೆಲದ ಮೇಲೆ ಲೆಕ್ಕ ಮಾಡಿದೆ. ಹುಡುಗರ ಏಳೂವರೆ, ನಮ್ಮ ಐವರ ಒಂದೂ ಕಾಲು, ಒಟ್ಟು ಎಂಟೂ ಮುಕ್ಕಾಲು ಆಗಬೇಕಿತ್ತು. ಉಳಿದ ಒಂದೂ ಕಾಲು ಸೆಕೆಂಡು ಎಲ್ಲಿ ಹೋಯಿತು? ಬೀಜ ದಾಟುವುದರಲ್ಲಿ ಹೋಯಿತು.

ಇನ್ನೊಂದು ಸಲ ಮಾಡಿದಾಗ ಆಟ ನನ್ನ ಹತ್ತಿರ ಬಂದು ನಿಂತುಬಿಟ್ಟಿತು. ಮೊದಲಿನ ಬೀಜವನ್ನು ನಾನು ಅಂಗೈಯಲ್ಲಿಯೇ ಇಟ್ಟುಕೊಂಡಿದ್ದೆ. ಹುಡುಗ ಇನ್ನೊಂದು ಬೀಜ ಬಿಟ್ಟ. ಕಣ್ಣು ಮುಚ್ಚಿದ್ದ ನನಗೆ ಅದು ಹಳೆಯದು ಅಲುಗಿದ್ದೋ, ಹೊಸದು ಬಿದ್ದದ್ದೋ ತಿಳಿಯಲಿಲ್ಲ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಅವರಿಗೆ ಬಹಳ ಖುಷಿಯಾಗಿತ್ತು.

"ಈ ತಪ್ಪು ನಾ ಹೇಳಿಕೊಟ್ರೂ ಇಷ್ಟ ಛಲೋ ಆಗ್ತಿದ್ದಿಲ್ಲ. ಕೇಳ್ರಿ. ಒಂದು ನರಕೋಶ ಇನ್ನೊಂದನ್ನ ಮುಟ್ಟೂದಿಲ್ಲ. ನಡುವ ಸಂದಿ ಅದ, ಯಾವ ಕಣ್ಣಿಗೂ ಕಾಣದಷ್ಟು ಸಣ್ಣದು. ಅದನ್ನ ಸುದ್ದಿ ಹೆಂಗ ದಾಟ್ತದ ಅಂತ ಪಂಡಿತರು ಬಡಿದಾಡ್ಲಿಕ್ಕೆ ಹತ್ಯಾರ. ಕಿಡಿ ಹಾರ್ತದ ಅಂತ ಕೆಲವರು, ಒಂದು ರಸದ ಹನಿ ದಾಟ್ತದ ಅಂತ ಕೆಲವರು. ಈಗೀಗ ಹನಿಯವರ ಕೈ ಮ್ಯಾಲಾಗೇದ. ಹನಿ ಈ ಕಡಿಂದ ಆ ಕಡಿಗೆ ಅಷ್ಟ ಬೀಳ್ತದ, ತಿರುಗಿ ಬರೂದಿಲ್ಲ. ಮತ್ತ ಬಿದ್ದ ಹನೀನ್ನ ಕೂಡಲೆ ಒರೆಸಿ ತೆಗೀಬೇಕು. ಇಲ್ಲಂದ್ರ ಮುಂದಿನ ಸುದ್ದಿ ಈ ಹುಡಿಗಿ ಕೈಯಾಗಿನ ಬೀಜದಂಗ ಆಗ್ತದ."

ಆ ದಿನದ ಪುಟದಲ್ಲಿ ಮಳೆಯ ಅಂಕಣ ಖಾಲಿ ಇದೆ. ಬರೆಯಲು ಮರೆತೆ. ಅಂಥದು ವರ್ಷಕ್ಕೆ ಒಂದೆರಡು ಸಲ ಮಾತ್ರ ಆಗುತ್ತಿತ್ತು.

ಸಂಜೆ ಮನೆಯಲ್ಲಿ ಅದೇ ಆಟ ಹೂಡಿದೆ. ಅವ್ವ, ದೊಡ್ಡವ್ವ, ನನ್ನ ಇಬ್ಬರು ತಮ್ಮಂದಿರು, ನಾನು. ಪಡಸಾಲೆಯಲ್ಲಿ ಗೋಡೆಗೆ ಸಾಲಾಗಿ ಕುಳಿತೆವು. ಗಡಿಯಾರ ಇರಲಿಲ್ಲ, ಸುದ್ದಿ ಕೊನೆ ಮುಟ್ಟುತ್ತದೋ ಇಲ್ಲವೋ ಎಂದಷ್ಟೇ ನೋಡುವುದು. ದೊಡ್ಡ ತಮ್ಮ ನನ್ನನ್ನು ಹಿಚುಕಿದ. ನಾನು ದೊಡ್ಡವ್ವನ ಬಲಗೈ ಹಿಚುಕಿದೆ. ನನ್ನ ಹಿಡಿತಕ್ಕೆ ಸಿಕ್ಕಿದ್ದು ಆಕೆಯ ಕೊನೆಯ ಎರಡು ಬೆರಳು. ಆಚೆ ಅವ್ವ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಏನೂ ಬರಲಿಲ್ಲ. ಮತ್ತೆ ಹಿಚುಕಿದೆ. ದೊಡ್ಡವ್ವನ ಮುಖದ ಮೇಲೆ ಏನೂ ಇಲ್ಲ. ಅವಳೂ ಕಾಯುತ್ತಿದ್ದಳು.

"ಅಕ್ಕಾ, ನಿದ್ದಿ ಹತ್ತಿತೇನ ನಿನಗ?" ಎಂದು ಅವ್ವ ಕಣ್ಣು ತೆರೆದಳು.

"ನೀವು ಆಡ್ರಿ. ನನಗ ಕಾಳ ಹಸನ ಮಾಡೂದು ಬಿದ್ದೈತಿ," ಎಂದು ದೊಡ್ಡವ್ವ ಕೈ ಬಿಡಿಸಿಕೊಂಡು ಎದ್ದಳು. ಏಳುವಾಗ ಆಕೆ ಒಮ್ಮೆ ನನ್ನ ಕೈಯನ್ನು ನೋಡಿದಳು, ಒಮ್ಮೆ ತನ್ನ ಕೈಯನ್ನು.

ಮರುದಿನ ಮುಂಜಾನೆ ನಾನು ಒಲೆಯ ಪಕ್ಕದಲ್ಲಿ ಕುಳಿತೆ. ಹದಿನೇಳನೆಯ ರೊಟ್ಟಿ ತಿರುವುವಾಗ ಆಕೆಯ ಕಿರುಬೆರಳ ತುದಿ ಹಂಚಿನ ಅಂಚಿಗೆ ತಾಗಿತು. ತಾಗಿ ಅಲ್ಲಿಯೇ ಉಳಿಯಿತು. ಸುಟ್ಟ ಉಗುರಿನ ವಾಸನೆ ನನಗೆ ಮೊದಲು ಬಂತು.

"ದೊಡ್ಡವ್ವಾ, ಬೆರಳ ಸುಡಾಕ ಹತ್ತೇತಿ."

ಆಕೆ ಮೊದಲು ಬೆರಳನ್ನು ನೋಡಿದಳು. ನೋಡಿದ ಮೇಲೆ ಎಳೆದುಕೊಂಡಳು.

ಆ ಅನುಕ್ರಮ ನನ್ನನ್ನು ಹಿಡಿದು ನಿಲ್ಲಿಸಿತು. ನಾನಾಗಿದ್ದರೆ ಕೈ ಮೊದಲು ಹಿಂದಕ್ಕೆ ಬರುತ್ತಿತ್ತು, ಕಣ್ಣು ಆಮೇಲೆ ಹೋಗುತ್ತಿತ್ತು. ಆಕೆಗೆ ಬೆರಳಿನ ಸುದ್ದಿ ಬೆರಳಿನಿಂದ ಬರಲಿಲ್ಲ, ನನ್ನ ಬಾಯಿಂದ ಮತ್ತು ಆಕೆಯ ಕಣ್ಣಿನಿಂದ ಬಂತು. ನನ್ನ ನಾಲ್ಕು ಗೀಟುಗಳೂ ಗಟ್ಟಿತನದ ಗೀಟುಗಳಲ್ಲ. ಓಣಿಯವರೆಲ್ಲ ಹೊಗಳಿದ ಆ ಕೈಯಲ್ಲಿ ಎರಡು ಬೆರಳು ಮೂಕವಾಗಿದ್ದವು. ಹೊಗಳುವ ಗದ್ದಲದಲ್ಲಿ ಅದು ಯಾರಿಗೂ ಕಾಣಲಿಲ್ಲ.

"ಯಾವಾಗಿಂದ?" ಎಂದು ಕೇಳಿದೆ.

ಅವ್ವ ಹಿತ್ತಲಲ್ಲಿದ್ದಾಳೆಂದು ನೋಡಿಕೊಂಡು ದೊಡ್ಡವ್ವ ಸಣ್ಣ ದನಿಯಲ್ಲಿ ಹೇಳಿದಳು. "ಸಂಕ್ರಾಂತಿ ಮುಂದಿಂದ. ಮೊದಲ ಜೋಮು ಹಿಡಿದಂಗ ಆಗತಿತ್ತು. ಈಗ ಮುಂಜಾನಿ ಎದ್ದಾಗ ಆ ಬೆರಳ ನನ್ನವ ಅಲ್ಲ ಅನಸ್ತಾವ."

"ಯಾರಿಗೂ ಯಾಕ ಹೇಳಲಿಲ್ಲ?"

ಆಕೆ ಹಿಟ್ಟು ನಾದುತ್ತಲೇ ಹೇಳಿದಳು. ಆಕೆಯ ತವರೂರು ರಾಮದುರ್ಗದ ಹತ್ತಿರದ ಸುರೇಬಾನ. ಸಣ್ಣವಳಿದ್ದಾಗ ಅಲ್ಲಿ ಒಬ್ಬ ಮುದುಕನಿದ್ದ. ಅವನಿಗೆ ದೊಡ್ಡ ಬೇನೆ, ಅಂದರೆ ಕುಷ್ಠ. ಹೊಲದ ಬದುವಿನ ಮೇಲೆ ಅವನಿಗೊಂದು ಗುಡಿಸಲು ಹಾಕಿಕೊಟ್ಟಿದ್ದರು. ಅವನ ಸೊಸೆ ಒಂದು ಕಲ್ಲಿನ ಮೇಲೆ ರೊಟ್ಟಿ ಇಟ್ಟು, ದೂರ ನಿಂತು ಕೂಗಿ ಹೋಗುತ್ತಿದ್ದಳು.

"ಅವಗೂ ಮೊದಲ ಬೆರಳs ಹಿಂಗ ಆಗಿದ್ದು. ಇದು ಅದs ಇದ್ರ ನನ್ನ ಒಲಿ ಮುಂದಿಂದ ಎಬ್ಬಸ್ತಾರ. ಮಕ್ಕಳಿಲ್ಲ, ಮರಿ ಇಲ್ಲ. ಒಲಿ ಬಿಟ್ರ ನಾ ಈ ಮನಿಯಾಗ ಏನಂತ ಇರಲಿ? ನಿನ್ನ ಪುಸ್ತಕದಾಗ ಏನರ ಬರದಿದ್ರ ಹೊಡದ ಹಾಕ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೊಡೆದು ಹಾಕಲು ಮಾತ್ರ ಆಗಲಿಲ್ಲ. ಬದಲಿಗೆ ಇನ್ನಷ್ಟು ಬರೆಯಲು ಅಪ್ಪಣೆ ಕೇಳಿದೆ. ದಿನಕ್ಕೆ ಎರಡು ಸಲ ಕೈ ಕೊಡು, ಏನಿದೆ ಏನಿಲ್ಲ ಎಂದು ನೋಡೋಣ ಎಂದೆ. ಆಕೆ ಹಿಟ್ಟಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ನಿನ್ನ ಕೈಗೆ ಹತ್ತಿದ್ರ?" ಎಂದಳು. ನಾನು ಕೈ ಚಾಚಿಕೊಂಡೇ ಕುಳಿತೆ.

ದೀಪದ ಹತ್ತಿಯ ಬತ್ತಿಯೊಂದನ್ನು ಅದಕ್ಕೆಂದೇ ಎತ್ತಿಟ್ಟೆ. ದೊಡ್ಡವ್ವ ಕಣ್ಣು ಮುಚ್ಚುತ್ತಿದ್ದಳು. ನಾನು ಬತ್ತಿಯ ತುದಿಯಿಂದ ಮುಟ್ಟುತ್ತಿದ್ದೆ. ಮುಟ್ಟಿದ್ದು ತಿಳಿದರೆ "ಹೂಂ" ಎನ್ನಬೇಕು. ಒಂದೊಂದು ಬೆರಳಿಗೆ ಇಪ್ಪತ್ತು ಸಲ. ನಡುವೆ ಮೋಸ ಹೋಗಬಾರದೆಂದು ಕೆಲವೊಮ್ಮೆ ಮುಟ್ಟದೆಯೇ ಸುಮ್ಮನಿರುತ್ತಿದ್ದೆ. ಮೊದಲ ಎರಡು ದಿನ ಮುಗಿದ ಮೇಲೆ ನಾನು ಹಿತ್ತಲಿಗೆ ಹೋಗಿ ಬೂದಿಯಿಂದ ಕೈ ತಿಕ್ಕಿ ತೊಳೆದುಕೊಂಡೆ. ಅದನ್ನೂ ಬರೆದಿದ್ದೇನೆ. ಎರಡನೆಯ ದಿನ ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡಿದಳು. ಮೂರನೆಯ ದಿನದಿಂದ ತೊಳೆದುಕೊಳ್ಳುವುದನ್ನು ಬಿಟ್ಟೆ.

ಹದಿನೆಂಟು ದಿನದ ಲೆಕ್ಕದಲ್ಲಿ ಎರಡು ಸೋಜಿಗಗಳು ಕಂಡವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಇಪ್ಪತ್ತಕ್ಕೆ ಇಪ್ಪತ್ತು. ಕಿರುಬೆರಳು ಮುಂಜಾನೆ ಮೂರೋ ನಾಲ್ಕೋ. ಉಂಗುರ ಬೆರಳು ಮಾತ್ರ ಒಂದೇ ಬೆರಳಾಗಿರದೆ ಎರಡಾಗಿತ್ತು. ನಡುಬೆರಳಿನ ಕಡೆಯ ಅರ್ಧ ಭಾಗ ಎಲ್ಲವನ್ನೂ ಹೇಳುತ್ತಿತ್ತು, ಕಿರುಬೆರಳಿನ ಕಡೆಯ ಅರ್ಧ ಭಾಗ ಏನನ್ನೂ ಹೇಳುತ್ತಿರಲಿಲ್ಲ. ಬೆರಳಿನ ನಡುವೆ ಮೇಲಿಂದ ಕೆಳಗೆ ಯಾರೋ ಗೀಟು ಎಳೆದ ಹಾಗೆ. ಕೈಯ ಚಿತ್ರ ಬರೆದು ಆ ಗಡಿಯನ್ನು ಪೆನ್ಸಿಲಿನಿಂದ ಗುರುತಿಸಿದೆ. ಎರಡನೆಯ ಸೋಜಿಗ: ಮುಂಜಾನೆ ನಾಲ್ಕು ಇದ್ದದ್ದು ಸಂಜೆಗೆ ಹನ್ನೆರಡು, ಹದಿಮೂರು ಆಗುತ್ತಿತ್ತು. ಮರುದಿನ ಮುಂಜಾನೆ ಮತ್ತೆ ನಾಲ್ಕು. ಹದಿನೆಂಟು ದಿನದಲ್ಲಿ ಒಂದು ದಿನವೂ ಇದು ತಪ್ಪಲಿಲ್ಲ.

ಮಾಸ್ತರರನ್ನು ಕೇಳಿದೆ. "ಒಂದು ಬೆರಳಿನಾಗ ಅರ್ಧ ಸತ್ತು ಅರ್ಧ ಬದುಕಿರಬಹುದೇನ್ರಿ?"

"ಆ ಬೆರಳಿಗೆ ಎರಡು ನರ ಬರ್ತಾವ. ಒಂದು ಈ ಕಡಿಂದ, ಒಂದು ಆ ಕಡಿಂದ. ಯಾರ ಬೆರಳವಾ?"

"ಯಾರದೂ ಇಲ್ರಿ. ಪುಸ್ತಕದಾಗ ಓದಿದೆ."

ಅವರು ನನ್ನ ಮುಖ ನೋಡಿದರು. "ರಾಮದುರ್ಗದಾಗ ನನ್ನ ಜೋಡಿ ಕಲಿತವರೊಬ್ಬರು ಡಾಕ್ಟರ್ ಇದ್ದಾರ. ಪುಸ್ತಕದಾಗಿನ ಬೆರಳೂ ನೋಡ್ತಾರ, ಯಾರಿಗೂ ಹೇಳೂದಿಲ್ಲ," ಎಂದು ಒಂದು ಚೀಟಿ ಬರೆದುಕೊಟ್ಟರು.

ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಅದೇ ನೆಪವಾಯಿತು. ದೊಡ್ಡವ್ವನ ಜೊತೆಗೆ ನಾನು. ಸವದತ್ತಿಯಲ್ಲಿ ಬಸ್ ಬದಲಿಸಬೇಕಿತ್ತು. ಅಲ್ಲಿ ಒಂದು ತಾಸು ಕಾಯುವಾಗ ದೊಡ್ಡವ್ವ ತನ್ನ ಗಂಟು ಬಿಚ್ಚಿ, ಮೂರು ಸೀರೆ ತಂದಿದ್ದನ್ನು ತೋರಿಸಿದಳು. ಎರಡು ದಿನದ ಹಬ್ಬಕ್ಕೆ ಮೂರು ಸೀರೆ ಯಾಕೆ ಎಂದೆ.

"ಡಾಕ್ಟರ್ ಹೌದು ಅಂದ್ರ ನಾ ಸುರೇಬಾನದಾಗs ಇಳೀತೇನಿ. ತಿರುಗಿ ಬರಾಂಗಿಲ್ಲ. ನೀ ಒಬ್ಬಾಕಿ ಹೋಗಿ, ತವರಾಗ ಇದ್ದಾಳ ಅಂತ ಹೇಳು."

"ಬದುವಿನ ಮ್ಯಾಲೆ ಗುಡಿಸಲಾ ಹಾಕ್ಕೊಂಡು?"

"ನಮ್ಮ ಅಣ್ಣಾ ಹಾಕಿಕೊಡ್ತಾನ," ಎಂದಳು, ಹೊಸ ಕೊಟ್ಟಿಗೆಯ ಮಾತು ಆಡುವವರ ಹಾಗೆ. ಆಮೇಲಿನ ದಾರಿಯಲ್ಲಿ ನಾನು ಮೈಲಿಗಲ್ಲು ಎಣಿಸಲು ಹೋಗಿ ಎರಡು ಸಲ ತಪ್ಪಿದೆ.

ಡಾಕ್ಟರ್ ಚೀಟಿ ಓದಿ ದೊಡ್ಡವ್ವನನ್ನು ಬೆಳಕಿಗೆ ಕೂರಿಸಿದರು. ಬೆನ್ನು, ತೋಳು, ಹುಬ್ಬು, ಕಿವಿಯ ಹಾಲೆ, ಎಲ್ಲ ನೋಡಿದರು. ಮೈಮೇಲೆ ಮಚ್ಚೆ ಹುಡುಕಿದರು. ಎರಡೂ ಮೊಳಕೈಗಳ ಹಿಂದೆ ಬೆರಳಾಡಿಸಿ ಹೋಲಿಸಿದರು. ಕೊನೆಗೆ ಕಿವಿಯ ಹಾಲೆಯಿಂದ ಚೂರು ರಸ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, "ಇದನ್ನ ಸೂಕ್ಷ್ಮದರ್ಶಕದಾಗ ನೋಡಬೇಕು. ನಾಕು ಗಂಟೆಕ್ಕ ಬರ್ರಿ," ಎಂದರು.

ಹನ್ನೊಂದೂವರೆಯಿಂದ ನಾಲ್ಕರವರೆಗೆ ದವಾಖಾನೆಯ ಎದುರಿನ ಬೇವಿನ ಮರದ ಕೆಳಗೆ ಕುಳಿತೆವು. ಬುತ್ತಿ ಬಿಚ್ಚಲಿಲ್ಲ. ದೊಡ್ಡವ್ವ ಒಂದೇ ಮಾತು ಆಡಿದಳು. "ನಾ ಇಲ್ಲದಾಗ ನಿಮ್ಮವ್ವ ಹಿಟ್ಟಿಗೆ ಬಿಸಿನೀರು ಭಾಳ ಹಾಕ್ತಾಳ. ರೊಟ್ಟಿ ಹರೀತಾವ. ಅಕಿಗೆ ಹೇಳು."

ನಾಲ್ಕು ಗಂಟೆಗೆ ಡಾಕ್ಟರ್ ಬಾಗಿಲಲ್ಲಿಯೇ ಹೇಳಿದರು. "ಏನೂ ಕಾಣಲಿಲ್ರಿ ಅವ್ವಾರ. ಆ ಬ್ಯಾನಿ ಅಲ್ಲ ಅಂತ ನನಗ ಅನಸ್ತದ. ಆದ್ರ ನರ ಯಾಕ ಸುಮ್ಮಾಗೇದ ಅನ್ನೂದು ಇನ್ನೂ ತಿಳಿದಿಲ್ಲ."

ಆಗ ನಾನು ನೋಟುಬುಕ್ಕು ಮುಂದಿಟ್ಟೆ. ಅವರು ಕೈಯ ಚಿತ್ರವನ್ನು ನೋಡಿ, "ಗಡಿ ಬರೋಬ್ಬರಿ ಹಾಕೀದಿ," ಎಂದರು. ಆಮೇಲೆ ಮುಂಜಾನೆ-ಸಂಜೆಯ ಲೆಕ್ಕಕ್ಕೆ ಬಂದರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹದಿನೆಂಟನ್ನೂ ಓದಿದರು. "ಆ ಬ್ಯಾನಿ ಇದ್ರ ಸಂಜಿಕ್ಕ ಹಿಂಗ ಸುಧಾರಿಸ್ತಿದ್ದಿಲ್ಲ. ರಾತ್ರಿ ಏನೋ ಆಗ್ತದ. ಅವ್ವಾರ, ನೀವು ಮಲಗೂದು ಹೆಂಗ?"

ನಾನೇ ಹೇಳಿದೆ. ದೊಡ್ಡಪ್ಪ ಹೋದಂದಿನಿಂದ ಆಕೆ ಗಾದಿ, ದಿಂಬು ಎರಡನ್ನೂ ಬಿಟ್ಟಿದ್ದಳು. ಯಾರೂ ಹೇಳಿದ್ದಲ್ಲ, ತಾನೇ ಹಿಡಿದ ನೇಮ. ಕಲ್ಲುಹಾಸಿನ ಮೇಲೆ ಒಂದು ಚಾಪೆ, ತಲೆಯ ಕೆಳಗೆ ಮಡಿಸಿದ ಬಲಗೈ. ನಾವು ದಿನವೂ ನೋಡುತ್ತಿದ್ದೆವು. ಅದು ನನ್ನ ಯಾವ ಅಂಕಣದಲ್ಲಿಯೂ ಇರಲಿಲ್ಲ. ಎಲ್ಲವನ್ನೂ ಬರೆದಿಡುತ್ತೇನೆ ಎನ್ನುವ ನನ್ನ ಅಹಂಕಾರ ಅಂದು ಸ್ವಲ್ಪ ಇಳಿಯಿತು.

ಡಾಕ್ಟರ್ ದೊಡ್ಡವ್ವನ ಮೊಳಕೈ ಮಡಿಸಿ, ಒಳಬದಿಯ ಎಲುಬಿನ ಹಿಂದೆ ಬೆರಳಿನಿಂದ ಹಗುರಾಗಿ ತಟ್ಟಿದರು. ಆಕೆ ಬೆಚ್ಚಿಬಿದ್ದಳು. "ಕಿರುಬೆರಳಿನ ತನಕಾ ಜುಮ್ ಅಂತು."

"ತಟ್ಟಿದ್ದು ಇಲ್ಲಿ. ಜುಮ್ ಅಂದದ್ದು ಅಲ್ಲಿ. ನರ ಸತ್ತಿಲ್ರಿ, ಅದರ ಮ್ಯಾಲೆ ನೀವು ಹನ್ನೊಂದು ವರ್ಷದಿಂದ ತಲಿ ಇಟ್ಟು ಮಲಗೀರಿ. ಮ್ಯಾಲೆ ತಲಿ, ಕೆಳಗ ಕಲ್ಲು. ಇಷ್ಟು ವರ್ಷ ತಡೀತು, ಈಗ ಸೋತದ."

ನಾನು ಶಾಲೆಯ ಸಾಲಿನ ಸಂಗತಿ ಹೇಳಿ, "ಹಂಗಾರ ಸಾಲಿನಾಗ ಯಾರೋ ಒಬ್ಬರು ಮಲಗಿಬಿಟ್ಟಾರೇನ್ರಿ?" ಎಂದೆ.

ಅವರು ನಕ್ಕರು. "ನಿಮ್ಮ ಮಾಸ್ತರರ ಸಾಲು ಖರೆ, ಆದ್ರ ತೋಳಿನಾಗ ಅಷ್ಟು ಮಂದಿ ಇಲ್ಲ. ಕಿರುಬೆರಳಿನ ತುದಿಂದ ಕುತ್ತಿಗಿ ಹಿಂದಿನ ಬೆನ್ನಹುರಿತನಕಾ ಒಬ್ಬಾವs ಮನಷಾ. ಒಂದs ಜೀವಕೋಶದ ಒಂದ ಎಳಿ. ಹುಣಸಿಬೀಜ ಬಿಡೂದು, ತಗೊಳೂದು ಎಲ್ಲಾ ಅಲ್ಲಿ ಹುರಿಯೊಳಗ ಹೋದ ಮ್ಯಾಲೆ. ಒಂದು ನರದಾಗ ಇಂಥಾ ಎಳಿ ಸಾವಿರಾರು."

ಜೀವಕೋಶವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣದು ಎಂದು ಓದಿದ್ದೆ. ಅದರ ಎಳೆ ಒಂದೂವರೆ ಮೊಳಕ್ಕೂ ಮಿಕ್ಕಿ ಉದ್ದ ಇರಬಹುದೆಂದು ಯಾರೂ ಹೇಳಿರಲಿಲ್ಲ. ನನ್ನ ತೋಳನ್ನು ಅಲ್ಲಿಯೇ ಗೇಣು ಹಾಕಿ ಅಳೆದೆ. ಮೂರು ಗೇಣಿನ ಮೇಲೆ ನಾಲ್ಕು ಬೆರಳು. ಅಷ್ಟು ಉದ್ದದ, ಕೂದಲಿಗಿಂತ ತೆಳ್ಳನೆಯ ಒಬ್ಬ ಮನುಷ್ಯ ನನ್ನೊಳಗೂ ಮಲಗಿದ್ದಾನೆ, ಬೆರಳ ತುದಿಯಲ್ಲಿ ಏನಾದರೂ ತಾಗುವುದನ್ನೇ ಕಾಯುತ್ತ. ಇವತ್ತಿಗೂ ಕೈ ಉದ್ದ ಚಾಚಿದಾಗ ನನಗೆ ಅವನ ನೆನಪಾಗುತ್ತದೆ.

ಡಾಕ್ಟರ್ ಹೇಳಿದ ಔಷಧ ಎಂದರೆ ಮೊಳಕೈ ಮಡಿಸದೆ ಮಲಗುವುದು. ಹಳೆಯ ಕೌದಿಯ ತುಂಡನ್ನು ಮೊಳಕೈಗೆ ಸುತ್ತಿ ಕಟ್ಟುವುದು, ತಲೆಗೆ ದಿಂಬು ಇಟ್ಟುಕೊಳ್ಳುವುದು. ಮೂರು ತಿಂಗಳ ಮೇಲೆ ಮತ್ತೆ ತೋರಿಸುವುದು. ಅಲ್ಲಿಯವರೆಗೆ ಹಂಚಿಗೆ ಬಟ್ಟೆ ಹಿಡಿಯುವುದು.

"ದಿಂಬು ಆಗಾಂಗಿಲ್ರಿ," ಎಂದಳು ದೊಡ್ಡವ್ವ. ಅಷ್ಟು ಹೊತ್ತಿನಲ್ಲಿ ಆಕೆ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

"ಕೈ ಬೇಕೋ, ನೇಮ ಬೇಕೋ?"

"ಎರಡೂ ಬೇಕ್ರಿ."

ಅಂದು ಸುರೇಬಾನಕ್ಕೆ ಹೋದೆವು, ಇಳಿದೆವು, ಹಬ್ಬ ಮಾಡಿದೆವು. ಮೂರನೆಯ ಸೀರೆ ಗಂಟಿನಲ್ಲಿಯೇ ಉಳಿಯಿತು. ಬೈಲಹೊಂಗಲಕ್ಕೆ ತಿರುಗಿ ಬಂದ ಮೇಲೆ ದೊಡ್ಡವ್ವ ತನ್ನ ಚಾಪೆಯ ಹತ್ತಿರ ಒಂದು ದಿಂಬು ತಂದಿಟ್ಟುಕೊಂಡಳು. ಅವ್ವ ಆಶ್ಚರ್ಯದಿಂದ ನೋಡಿದಳು. ದೊಡ್ಡವ್ವ ತಲೆಯನ್ನು ಬರಿ ಚಾಪೆಯ ಮೇಲೆ ಇಟ್ಟು, ಕೌದಿ ಸುತ್ತಿದ ಬಲಗೈಯನ್ನು ಉದ್ದಕ್ಕೆ ಚಾಚಿ ದಿಂಬಿನ ಮೇಲೆ ಮಲಗಿಸಿದಳು.

"ಇದೇನಕ್ಕ ಹೊಸಾದು?" ಎಂದಳು ಅವ್ವ.

"ಮೊಳಕೈ ನೋಯತೈತಿ. ತಲಿಗೆ ದಿಂಬು ಬಿಟ್ಟೇನಿ, ಕೈಗೇನ ಬಿಟ್ಟಿಲ್ಲಲ್ಲ."

ಹಂಚಿಗೆ ಬಟ್ಟೆ ಹಿಡಿಯುವುದು ದಿಂಬಿಗಿಂತ ಕಷ್ಟವಾಯಿತು. ಓಣಿಯ ಹೆಂಗಸರು ನೋಡಿದರು. "ಕೈ ಸೋತು," ಎಂದರು ಒಬ್ಬರು. "ವಯಸ್ಸಾತಲ್ಲ," ಎಂದರು ಇನ್ನೊಬ್ಬರು. ಹೊಸ ಸೊಸೆಯರನ್ನು ಕರೆತರುವುದು ನಿಂತಿತು. ನನ್ನ ಬತ್ತಿಯ ಲೆಕ್ಕ ಮಾತ್ರ ನಡೆದಿತ್ತು. ಸೆಪ್ಟೆಂಬರ್ ಕೊನೆಗೆ ಮುಂಜಾನೆಯ ಕಿರುಬೆರಳು ಇಪ್ಪತ್ತಕ್ಕೆ ಏಳು. ಅಕ್ಟೋಬರ್ ನಡುವೆ ಹನ್ನೊಂದು. ನಡುವೆ ಒಂದು ವಾರ ಎಂಟಕ್ಕೆ ಇಳಿಯಿತು, ಕಾರಣ ತಿಳಿಯಲಿಲ್ಲ. ಬೆರಳಿನ ಬುಡ ಮೊದಲು ಎಚ್ಚರವಾಯಿತು, ತುದಿ ಕೊನೆಗೆ. ನವೆಂಬರಿನಲ್ಲಿ ಡಾಕ್ಟರ್ ಮತ್ತೆ ನೋಡಿ, ಇನ್ನು ಭಯವಿಲ್ಲ ಎಂದರು. ದೊಡ್ಡವ್ವ ಮಾತ್ರ ನಂಬಲಿಲ್ಲ. "ಬೆರಳ ತಾನs ಹೇಳಲಿ," ಎಂದಳು.

ಈಗ ನಾನು ಕಿತ್ತೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಹೋದ ತಿಂಗಳು ನನ್ನ ವರ್ಗದ ಮಕ್ಕಳನ್ನು ಅಂಗಳದಲ್ಲಿ ಕೈ ಹಿಡಿಸಿ ನಿಲ್ಲಿಸಿದೆ. ಸಣ್ಣವರು, ಹುಡುಗ ಹುಡುಗಿ ಎಂದು ನೋಡದೆ ಹಿಡಿದುಕೊಂಡರು. ಹುಣಸೆ ಬೀಜವನ್ನು ನಾನೇ ನಡುವೆ ತರಬೇಕಾಯಿತು. ಸಂದಿ ಇಲ್ಲದಿದ್ದರೆ ಪಾಠ ಅರ್ಧವೇ ಆಗುತ್ತಿತ್ತು. ಆಟ ಮುಗಿದ ಮೇಲೆ ಹಳೆಯ ನೋಟುಬುಕ್ಕು ತೆಗೆದು ಡಿಸೆಂಬರ್ ತಿಂಗಳ ಪುಟ ನೋಡಿದೆ.

ಡಿಸೆಂಬರ್ 11. ಮಳೆ ಇಲ್ಲ. ಅಂದು ಮುಂಜಾನೆ ನಾನು ಓದುತ್ತ ಕುಳಿತಿದ್ದೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ನಡುವೆ "ಸ್‌ಸ್" ಎಂದು ಕೇಳಿತು, ಹಿಂದೆಯೇ ಏನೋ ಉರುಳಿತು. ನಾನೂ ಅವ್ವನೂ ಓಡಿದೆವು. ಬಟ್ಟೆ ಹಂಚಿನ ಈಚೆಗೆ ಬಿದ್ದಿತ್ತು. ದೊಡ್ಡವ್ವ ಕಿರುಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದಳು.

"ಏನಾತಕ್ಕ?"

"ಸುಡ್ತು."

"ಇಷ್ಟು ವರ್ಷ ಸುಡದ ಹಂಚು ಇವತ್ತ ಸುಡ್ತೇನ?" ಎಂದು ಅವ್ವ ನಕ್ಕಳು.

"ಹೂಂ, ಇವತ್ತ ಸುಡ್ತು," ಎಂದು ದೊಡ್ಡವ್ವ ಬೆರಳನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಕಣ್ಣಲ್ಲಿ ನೀರಿತ್ತು. ಆಮೇಲೆ ನನ್ನ ಕಡೆಗೆ ತಿರುಗಿ, "ಬರಕೋ," ಎಂದಳು.

ಬರೆದುಕೊಂಡಿದ್ದೇನೆ. ರೊಟ್ಟಿ ಮೂವತ್ತೆಂಟು. ಮೂವತ್ತೊಂಬತ್ತನೆಯದು ಹಂಚಿನ ಮೇಲೆಯೇ ಉಳಿದು ಕರಕಾಗಿತ್ತು, ಅದನ್ನು ಎಣಿಸಿಲ್ಲ.